ಕರ್ನಲ್ ಒಳಗೆ ಕಾಯುವುದು ಹೇಗೆ? ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಫೈನಲ್ ಇಯರ್ ಪ್ರಾಜೆಕ್ಟಿನ ಕಾಲ ಬಂತೆಂದರೆ ನನ್ನ ಬಳಿ ಬರುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ತರಹ. ಒಬ್ಬರು ಮೆಕ್ಕೆಜೋಳದ ಗೋದಾಮಿನ ತೇವಾಂಶ ಅಳೆಯಲು ಹೊರಟಿರುತ್ತಾರೆ. ಇನ್ನೊಬ್ಬರಿಗೆ ಮನೆಯ ಸಂಪಿನಲ್ಲಿ ನೀರು ಎಷ್ಟಿದೆ ಎಂದು ತಿಳಿಯಬೇಕು. ಚಿತ್ರದುರ್ಗ, ಹಿರಿಯೂರು ಕಡೆಯವರಾದರೆ ಬೋರ್‌ವೆಲ್ ಪಂಪು ಇದ್ದೇ ಇರುತ್ತದೆ. ಲಿನಕ್ಸ್ ಬೋರ್ಡು ಇದೆ, ಸೆನ್ಸರನ್ನು ಮಾತಾಡಿಸಲು ಕರ್ನಲ್ (ಲಿನಕ್ಸಿನ ತಿರುಳು) ಒಳಗೆ ಓಡುವ ಡ್ರೈವರ್ ಕೂಡ ತಾವೇ ಬರೆದಿರುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಮಾತ್ರ ಕಾಯುವ ಕಡೆ. ಎಲ್ಲಿ ಕಾಯಬೇಕು, ಎಷ್ಟು ಹೊತ್ತು, ಹೇಗೆ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಡಿಯಾರಕ್ಕಾಗಿ ಕಾಯಬೇಡಿ, ಆಗಬೇಕಾದ ಕೆಲಸಕ್ಕಾಗಿ ಕಾಯಿರಿ. ಗಡಿಯಾರ ಬೇಕಾಗುವುದು "ಇನ್ನು ಸಾಕು" ಎಂದು ಕೈಬಿಡುವುದಕ್ಕೆ. ಕೆಳಗಿನ ಉತ್ತರಗಳಲ್ಲಿ ಹೆಚ್ಚಿನವು ಇದರ ಸುತ್ತಲೇ ಇವೆ.

ಫಂಕ್ಷನ್ ಹೆಸರುಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಕೋಡ್‌ನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿಕೊಳ್ಳಿ.

ಸರ್, 5 ಮಿಲಿಸೆಕೆಂಡ್ ಕಾಯಬೇಕು. ಯಾವ ಫಂಕ್ಷನ್ ಹಾಕಲಿ?

5 ಎಂಬ ಅಂಕಿಯನ್ನು ಸ್ವಲ್ಪ ಬದಿಗಿಡಿ. ಮೊದಲು ನೋಡಬೇಕಾದದ್ದು, ಆ ಸಾಲು ಓಡುವ ಜಾಗದಲ್ಲಿ ನಿದ್ದೆ ಮಾಡಬಹುದಾ, ಅಂದರೆ ಸಿಪಿಯುವನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಕಾಯಬಹುದಾ, ಇಲ್ಲವಾ ಎಂದು.

ಇಂಟರಪ್ಟ್ ಹ್ಯಾಂಡ್ಲರ್ (ಹಾರ್ಡ್‌ವೇರ್ ಕರೆದ ತಕ್ಷಣ ಓಡುವ ಫಂಕ್ಷನ್) ಒಳಗಿದ್ದೀರಾ? ಸ್ಪಿನ್‌ಲಾಕ್ (ಸಿಗುವ ತನಕ ಸಿಪಿಯು ಸುತ್ತುತ್ತಲೇ ಕಾಯುವ ಬೀಗ) ಹಿಡಿದಿದ್ದೀರಾ? ಟೈಮರ್ ಕಾಲ್‌ಬ್ಯಾಕ್ ಒಳಗಿದ್ದೀರಾ? ಹಾಗಿದ್ದರೆ ಅದು ಅಟಾಮಿಕ್ ಜಾಗ. ಅಲ್ಲಿ ನಿದ್ದೆ ಮಾಡುವ ಯಾವ ಫಂಕ್ಷನ್ನನ್ನೂ ಕರೆಯುವ ಹಾಗಿಲ್ಲ. ಕೆಲವೇ ಮೈಕ್ರೋಸೆಕೆಂಡ್ ಆದರೆ ಯುಡಿಲೇ ಹಾಕಬಹುದು, ಅಷ್ಟೇ. ಪ್ರೋಬ್ ಫಂಕ್ಷನ್ (ಡಿವೈಸ್ ಸಿಕ್ಕಾಗ ಡ್ರೈವರಿನಲ್ಲಿ ಓಡುವುದು), ಯೂಸರ್ ಪ್ರೋಗ್ರಾಮಿನ ರೀಡ್ ಅಥವಾ ರೈಟ್ ಕರೆ, ಕರ್ನಲ್ ಥ್ರೆಡ್, ವರ್ಕ್‌ಕ್ಯೂ (ಆಮೇಲೆ ಮಾಡಲು ಹಚ್ಚಿಟ್ಟ ಕೆಲಸಗಳ ಸಾಲು), ಇಲ್ಲೆಲ್ಲಾ ನಿದ್ದೆ ಮಾಡಬಹುದು. ಆಗ 5 ಮಿಲಿಸೆಕೆಂಡಿಗೆ ಯುಸ್ಲೀಪ್ ರೇಂಜ್ ಸರಿಯಾದದ್ದು.

ಸ್ಪಿನ್‌ಲಾಕ್ ಹಿಡಿದುಕೊಂಡೇ 5 ಮಿಲಿಸೆಕೆಂಡ್ ಕಾಯಬೇಕು ಅಂದರೆ ಅದಕ್ಕೆ ಸರಿಯಾದ ಫಂಕ್ಷನ್ ಹುಡುಕಬೇಡಿ. ಕೋಡಿನ ಜೋಡಣೆಯನ್ನೇ ಬದಲಿಸಿ. ಲಾಕ್ ಬಿಟ್ಟು ಕಾಯಿರಿ, ಇಲ್ಲವೇ ಹಿಡಿದವರು ಮಲಗಬಹುದಾದ ಲಾಕ್ ಆದ ಮ್ಯೂಟೆಕ್ಸ್‌ಗೆ ಹೋಗಿ. ಇಂಟರಪ್ಟಿನಲ್ಲಿ ಆ ಕೆಲಸ ಇದ್ದರೆ ಥ್ರೆಡೆಡ್ ಇಂಟರಪ್ಟ್ ಬಳಸಿ. 2009ರಲ್ಲಿ ಬಂದ 2.6.30ರಿಂದಲೂ ಅದು ಕರ್ನಲ್‌ನಲ್ಲಿದೆ. ಅದರ ಥ್ರೆಡ್ ಭಾಗದಲ್ಲಿ ಆರಾಮಾಗಿ ನಿದ್ದೆ ಮಾಡಬಹುದು.

ಅಟಾಮಿಕ್ ಜಾಗದಲ್ಲಿ ಎಂಸ್ಲೀಪ್ (ಮಿಲಿಸೆಕೆಂಡ್ ಲೆಕ್ಕದ ನಿದ್ದೆ) ಹಾಕಿದ್ದೇನೆ. ಏನೂ ಆಗಿಲ್ಲವಲ್ಲ?

ಇನ್ನೂ ಆಗಿಲ್ಲ ಅಷ್ಟೇ. ಸ್ಪಿನ್‌ಲಾಕ್ ಹಿಡಿದವನು ಮಲಗಿದರೆ, ಅದೇ ಲಾಕ್ ಬೇಕಾದ ಇನ್ನೊಬ್ಬ ಸುತ್ತುತ್ತಲೇ ನಿಲ್ಲುತ್ತಾನೆ. ಅವನು ಅದೇ ಸಿಪಿಯು ಮೇಲೆ ಓಡುತ್ತಿದ್ದರೆ ಮಲಗಿದವನಿಗೆ ಎದ್ದು ಬರಲು ಜಾಗವೇ ಇರುವುದಿಲ್ಲ. ಬೋರ್ಡು ಅಲ್ಲೇ ನಿಂತುಬಿಡುತ್ತದೆ. ಲ್ಯಾಬಿನಲ್ಲಿ ಲೋಡ್ ಕಡಿಮೆ ಇರುವುದರಿಂದ ಈ ಇಬ್ಬರು ಎದುರಾಗುವುದೇ ಅಪರೂಪ. ಅದಕ್ಕೇ ಸರಿಯಿದೆ ಎಂದು ಕಾಣುತ್ತದೆ.

ಸಾಮಾನ್ಯವಾಗಿ ಕರ್ನಲ್ "ಶೆಡ್ಯೂಲಿಂಗ್ ವೈಲ್ ಅಟಾಮಿಕ್" ಎಂದು ಡಿಮೆಸೆಜ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ಕೂಗುತ್ತದೆ. ಆದರೆ ಪ್ರೀಎಂಪ್ಟ್ ಲೆಕ್ಕ (ಈಗ ಸಿಪಿಯು ಬೇರೆಯವರಿಗೆ ಕೊಡಬಹುದೇ ಎಂಬ ಎಣಿಕೆ) ಇಡದ ಕಾನ್ಫಿಗ್ ಆದರೆ ಸ್ಪಿನ್‌ಲಾಕ್ ಹಿಡಿದದ್ದೇ ಅದಕ್ಕೆ ಗೊತ್ತಾಗುವುದಿಲ್ಲ, ಸುಮ್ನೆ ಇದ್ದುಬಿಡುತ್ತದೆ. ಆದ್ದರಿಂದ ಡ್ರೈವರ್ ಬರೆಯುವಾಗ ಡಿಬಗ್ ಅಟಾಮಿಕ್ ಸ್ಲೀಪ್ ಆಯ್ಕೆಯನ್ನು ಆನ್ ಮಾಡಿದ ಕರ್ನಲ್ ಬಳಸಿ. ಇದೊಂದು ವಿಷಯದಲ್ಲಿ ದಯವಿಟ್ಟು ಸೋಮಾರಿತನ ಬೇಡ. ಒಮ್ಮೆ ಕರ್ನಲ್ ಬಿಲ್ಡ್ ಮಾಡುವ ಬೇಸರ, ಡೆಮೋ ದಿನ ಬೋರ್ಡು ನಿಂತುಹೋಗುವುದಕ್ಕಿಂತ ಮೇಲು. ನಿಮ್ಮದೇ ಫಂಕ್ಷನ್ ನಿದ್ದೆ ಮಾಡುವಂಥದ್ದಾದರೆ ಅದರ ಮೊದಲ ಸಾಲಿನಲ್ಲಿ ಮೈಟ್ ಸ್ಲೀಪ್ ಎಂದು ಹಾಕಿ. ತಪ್ಪು ಜಾಗದಿಂದ ಕರೆದವರಿಗೆ ತಕ್ಷಣ ಎಚ್ಚರಿಕೆ ಸಿಗುತ್ತದೆ.

ಯುಡಿಲೇ ಒಳಗೆ ನಿಜವಾಗಿ ಏನು ನಡೆಯುತ್ತದೆ?

ಸಿಪಿಯು ಬೇರೆ ಏನೂ ಮಾಡದೆ ಸುತ್ತುತ್ತದೆ. ಹಳೆಯ ವಿಧಾನದಲ್ಲಿ ಕರ್ನಲ್ ಬೂಟ್ ಆಗುವಾಗಲೇ ಒಂದು ಟಿಕ್ (ಕರ್ನಲ್ ಗಡಿಯಾರದ ಒಂದು ಬಡಿತ) ಕಳೆಯುವುದರೊಳಗೆ ಎಷ್ಟು ಸುತ್ತು ಹೊಡೆಯಬಹುದು ಎಂದು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ. ಬೂಟ್ ಸಂದೇಶದಲ್ಲಿ ಬೋಗೋಮಿಪ್ಸ್ ಎಂದು ಕಾಣುವುದು ಅದೇ ಲೆಕ್ಕದಿಂದ ಬಂದ ಅಂಕಿ. ಸಿಪಿಯು ವೇಗ ಅಳೆಯಲು ಅದನ್ನು ನಂಬಬೇಡಿ. ಈಗಿನ ಇಂಟೆಲ್, ಎಎಂಡಿ ಮತ್ತು ಆರ್ಮ್ ಯಂತ್ರಗಳಲ್ಲಿ ಸುತ್ತು ಎಣಿಸುವ ಬದಲು ಹಾರ್ಡ್‌ವೇರ್ ಕೌಂಟರ್ ನೋಡಿ ಕಾಯುವುದು ರೂಢಿ.

ಯುಡಿಲೇ ಕೆಲವೊಮ್ಮೆ ಕೇಳಿದ್ದಕ್ಕಿಂತ ಸ್ವಲ್ಪ ಬೇಗ ಮುಗಿಯಬಹುದು. ಸುತ್ತಿನ ಲೆಕ್ಕ ಕಡಿಮೆ ಬಿದ್ದಿದ್ದರೆ, ಕ್ಯಾಶ್ ವರ್ತನೆ ಬದಲಾದರೆ, ಕ್ಲಾಕ್ ವೇಗ ಏರಿದರೆ ಹೀಗಾಗುತ್ತದೆ. ಕರ್ನಲ್ ಹೆಡರ್ ಫೈಲಿನಲ್ಲೇ ಈ ಎಚ್ಚರಿಕೆ ಬರೆದಿದ್ದಾರೆ. ಚಿಪ್ಪಿಗೆ ಕನಿಷ್ಠ 10 ಮೈಕ್ರೋಸೆಕೆಂಡ್ ಬೇಕೇ ಬೇಕು ಅಂದರೆ 12 ಬರೆಯುವುದರಲ್ಲಿ ತಪ್ಪಿಲ್ಲ.

ತೀರಾ ದೊಡ್ಡ ಅಂಕಿಯನ್ನು ನೇರವಾಗಿ ಕೊಟ್ಟರೆ ಬಿಲ್ಡ್ ನಿಂತು "ಬ್ಯಾಡ್ ಯುಡಿಲೇ" ಎಂಬ ಹೆಸರು ಲಿಂಕರ್ ದೋಷದಲ್ಲಿ ಕಾಣುತ್ತದೆ. ಅದು ಬೇಕೆಂದೇ ಇಟ್ಟ ತಡೆ. ಅದನ್ನು ದಾಟಲು ಎಂಡಿಲೇ ಹಾಕುವವರಿದ್ದಾರೆ. ಅದೂ ಇದೇ ಸುತ್ತಾಟ, ಇನ್ನೂ ಜಾಸ್ತಿ ಹೊತ್ತು.

ಖಾಲಿ ಫಾರ್ ಲೂಪ್ ಹಾಕಿದರೆ ಆಗುವುದಿಲ್ಲವೇ? ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ಹಾಗೇ ಮಾಡಿದ್ದೆವು.

ಬೇಡ. ಏನೂ ಮಾಡದ ಲೂಪನ್ನು ಕಂಪೈಲರ್ ತೆಗೆದೇ ಹಾಕುತ್ತದೆ. ಉಳಿದರೂ ಅದರ ಸಮಯ ಬೋರ್ಡಿನಿಂದ ಬೋರ್ಡಿಗೆ ಬೇರೆ.

ಎಂಸ್ಲೀಪ್‌ಗೆ 1 ಕೊಟ್ಟರೆ 20 ಮಿಲಿಸೆಕೆಂಡ್ ತೆಗೆದುಕೊಂಡಿತು. ಯಾಕೆ?

ಎಂಸ್ಲೀಪ್ ಎಣಿಸುವುದು ಜಿಫೀಸ್, ಅಂದರೆ ಟಿಕ್‌ಗಳ ಲೆಕ್ಕದಲ್ಲಿ. ಒಂದು ಜಿಫಿ ಎಷ್ಟು ಎನ್ನುವುದನ್ನು ಕರ್ನಲ್ ಕಟ್ಟುವಾಗ ಎಚ್‌ಜೆಡ್ (ಸೆಕೆಂಡಿಗೆ ಎಷ್ಟು ಟಿಕ್) ಎಂಬ ಆಯ್ಕೆ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಅದು 100, 250, 300 ಅಥವಾ 1000. ಎಚ್‌ಜೆಡ್ 100 ಇದ್ದರೆ ಒಂದು ಜಿಫಿ 10 ಮಿಲಿಸೆಕೆಂಡ್. ನೀವು ಟಿಕ್‌ನ ಮಧ್ಯದಲ್ಲಿ ಕೇಳಿರುತ್ತೀರಿ. ಕೇಳಿದ್ದಕ್ಕಿಂತ ಬೇಗ ಎಬ್ಬಿಸಬಾರದು ಎಂದು ಕರ್ನಲ್ ಒಂದು ಜಿಫಿ ಮೇಲೆ ಹಿಡಿಯುತ್ತದೆ. ಹಾಗಾಗಿ 1 ಕೇಳಿದರೂ 20ರ ತನಕ ಹೋಗಬಹುದು. ಇದು ಬಗ್ ಅಲ್ಲ. ಎಂಸ್ಲೀಪ್ ಕೊಡುವ ಮಾತು "ಕನಿಷ್ಠ ಇಷ್ಟು" ಎಂಬುದು ಮಾತ್ರ.

ಇಲ್ಲಿ ಬಹಳ ಜನ ಒಂದು ಕಡೆ ದಾರಿ ತಪ್ಪುತ್ತಾರೆ. ಎಚ್‌ಜೆಡ್ ತಿಳಿಯಲು ಟರ್ಮಿನಲ್‌ನಲ್ಲಿ ಗೆಟ್‌ಕಾನ್ಫ್ ಆಜ್ಞೆಯಿಂದ ಕ್ಲಾಕ್ ಟಿಕ್ ಕೇಳಿದರೆ 100 ಎಂದೇ ಬರುತ್ತದೆ. ಅದು ಯೂಸರ್ ಪ್ರೋಗ್ರಾಮುಗಳಿಗಾಗಿ ಬೇರೆಯೇ ಇಟ್ಟಿರುವ ಅಂಕಿ. ನಿಜವಾದದ್ದು ಕರ್ನಲ್ ಕಾನ್ಫಿಗ್ ಫೈಲಿನಲ್ಲಿದೆ.

ಇನ್ನೂ ಒಂದು. 2016ರಲ್ಲಿ 4.8 ಆವೃತ್ತಿಯಲ್ಲಿ ಟೈಮರ್ ವೀಲನ್ನು (ಜಿಫೀಸ್ ಲೆಕ್ಕದ ಟೈಮರುಗಳನ್ನು ಜೋಡಿಸಿಡುವ ವ್ಯವಸ್ಥೆ) ಹೊಸದಾಗಿ ಬರೆದರು. ಅಂದಿನಿಂದ ದೂರದ ಟೈಮರುಗಳು ದೊರಗು ಲೆಕ್ಕದಲ್ಲಿ ಕೂರುತ್ತವೆ, 12.5 ಶೇಕಡಾ ತನಕ ತಡವಾಗಬಹುದು. ಟೈಮ್‌ಔಟ್‌ಗೆ ಇದು ಸಾಕು. ನಿಖರ ಕೆಲಸಕ್ಕೆ ಹೈ ರೆಸಲ್ಯೂಷನ್ ಟೈಮರ್ ಇದೆ, 2006ರ 2.6.16ರಿಂದ.

ಯುಸ್ಲೀಪ್ ರೇಂಜ್‌ಗೆ ಎರಡು ಅಂಕಿ ಏಕೆ?

ಹರಿಹರಕ್ಕೆ ಹೋಗುವ ನಾಲ್ಕು ಜನ "ಹತ್ತಕ್ಕೆ ಸರಿಯಾಗಿ", "ಹತ್ತೂ ಐದಕ್ಕೆ ಸರಿಯಾಗಿ" ಎಂದು ಹಟ ಹಿಡಿದರೆ ನಾಲ್ಕು ಆಟೋ ಬೇಕು. "ಹತ್ತರಿಂದ ಹತ್ತೂಕಾಲರ ಒಳಗೆ ಯಾವಾಗಾದರೂ ಸರಿ" ಎಂದರೆ ಒಂದರಲ್ಲೇ ಎಲ್ಲರೂ ಹೋಗಬಹುದು. ಕರ್ನಲ್ ಮಾಡುವುದೂ ಇದನ್ನೇ. ನಿಮ್ಮ ಎರಡು ಅಂಕಿಗಳ ನಡುವೆ ಬೇರೆ ಯಾವುದಾದರೂ ಇಂಟರಪ್ಟ್ ಬಂದರೆ ಅದರ ಜೊತೆಗೇ ನಿಮ್ಮನ್ನೂ ಎಬ್ಬಿಸುತ್ತದೆ. ಸಿಪಿಯು ಇನ್ನೊಮ್ಮೆ ಏಳುವುದು ತಪ್ಪುತ್ತದೆ. ಸೋಲಾರ್ ಮತ್ತು ಬ್ಯಾಟರಿ ಮೇಲೆ ಹೊಲದಲ್ಲಿ ಕೂರುವ ಬೋರ್ಡಿಗೆ ಇದು ನಿಜವಾಗಿ ಮುಖ್ಯ.

ಆದ್ದರಿಂದ ಎರಡೂ ಕಡೆ 5000 (ಇಲ್ಲಿ ಲೆಕ್ಕ ಮೈಕ್ರೋಸೆಕೆಂಡಿನಲ್ಲಿ) ಎಂದು ಬರೆಯಬೇಡಿ. 5000 ಮತ್ತು 6000 ಕೊಡಿ. ಚಿಪ್ಪಿಗೆ ತೊಂದರೆ ಇಲ್ಲದಿದ್ದರೆ 10000 ಕೂಡ ಕೊಡಬಹುದು.

ಎಫ್‌ಸ್ಲೀಪ್ ಬಳಸಬಹುದಾ?

ನಿದ್ದೆ ಮಾಡಬಹುದಾದ ಜಾಗದಲ್ಲಿ ಖಂಡಿತ. 2020ರ 5.8ರಲ್ಲಿ ಬಂದದ್ದು. ಮೈಕ್ರೋಸೆಕೆಂಡ್ ಕೊಟ್ಟರೆ ಸಾಕು, ತೀರಾ ಚಿಕ್ಕದಾದರೆ ಯುಡಿಲೇ, ಮಧ್ಯದ್ದಾದರೆ ಯುಸ್ಲೀಪ್ ರೇಂಜ್, ದೊಡ್ಡದಾದರೆ ಎಂಸ್ಲೀಪ್ ಎಂದು ತಾನೇ ಆರಿಸಿಕೊಳ್ಳುತ್ತದೆ. ಹೊಸದಾಗಿ ಬರೆಯುವವರು ಇದರಿಂದಲೇ ಶುರು ಮಾಡಿ.

ಎಷ್ಟು ಹೊತ್ತು ಎನ್ನುವ ಅಂಕಿಯನ್ನು ಎಲ್ಲಿಂದ ತರಬೇಕು?

ಡೇಟಾಶೀಟಿನಿಂದ, ಅಂದರೆ ಚಿಪ್ ತಯಾರಿಸಿದವರು ಕೊಡುವ ವಿವರಪತ್ರದಿಂದ. ಅದರಲ್ಲೂ "ಟಿಪಿಕಲ್" ಕಾಲಂ ನೋಡಿ ಬಿಡಬೇಡಿ, "ಮ್ಯಾಕ್ಸಿಮಮ್" ಕಾಲಂ ನೋಡಿ. ನೆಟ್ಟಿನಲ್ಲಿ ಸಿಕ್ಕ ಕೋಡಿನಲ್ಲಿ ಎಂಡಿಲೇ 50 ಇತ್ತು, ನಾನೂ ಹಾಕಿದೆ ಎನ್ನುವವರೇ ಜಾಸ್ತಿ. ಆ 50 ಯಾವ ಚಿಪ್ಪಿಗೆ, ಯಾವ ವೋಲ್ಟೇಜಿಗೆ ಎಂದು ಕೇಳಿದರೆ ಉತ್ತರವಿಲ್ಲ.

ಕಾಲೇಜಿನ 16 ಬೈ 2 ಎಲ್‌ಸಿಡಿಯನ್ನೇ ತೆಗೆದುಕೊಳ್ಳಿ. ಅದರೊಳಗಿನ ಎಚ್‌ಡಿ 44780 ಕಂಟ್ರೋಲರ್‌ಗೆ ಹೆಚ್ಚಿನ ಆಜ್ಞೆಗಳಿಗೆ 37 ಮೈಕ್ರೋಸೆಕೆಂಡ್ ಸಾಕು. ಕರ್ಸರನ್ನು ಮೊದಲ ಜಾಗಕ್ಕೆ ತರುವ ಆಜ್ಞೆಗೆ 1.52 ಮಿಲಿಸೆಕೆಂಡ್ ಬೇಕು, ಪರದೆ ಅಳಿಸುವುದಕ್ಕೂ ಹೆಚ್ಚುಕಮ್ಮಿ ಅಷ್ಟೇ. ಎಲ್ಲಾ ಆಜ್ಞೆಗೂ 2 ಮಿಲಿಸೆಕೆಂಡ್ ಹಾಕಿದರೆ ಪರದೆ ತುಂಬುವುದು ಕಣ್ಣಿಗೆ ಕಾಣುವಷ್ಟು ನಿಧಾನ. ಅಷ್ಟೂ ಕಾಯುವ ಬದಲು ಅದರ ಬ್ಯುಸಿ ಬಿಟ್ (ಇನ್ನೂ ಕೆಲಸದಲ್ಲಿದೆಯೇ ಎಂದು ಹೇಳುವುದು) ಓದಬಹುದು.

ಐ ಸ್ಕ್ವೇರ್ ಸಿ ಈಪ್ರಾಮ್ (ಎರಡು ತಂತಿಯ ಬಸ್ಸಿಗೆ ಜೋಡಿಸುವ, ಕರೆಂಟ್ ಹೋದರೂ ಮರೆಯದ ಮೆಮೊರಿ) ಇನ್ನೂ ಒಳ್ಳೆಯ ಉದಾಹರಣೆ. 24ಸಿ ಸರಣಿಯ ಅನೇಕ ಚಿಪ್ಪುಗಳಲ್ಲಿ ಒಂದು ಬರಹ ಮುಗಿಯಲು ಗರಿಷ್ಠ 5 ಮಿಲಿಸೆಕೆಂಡ್. ಬರೆಯುತ್ತಿರುವಾಗ ಚಿಪ್ಪು ವಿಳಾಸಕ್ಕೆ ಓಗೊಡುವುದೇ ಇಲ್ಲ. ಮುಗಿದ ಕೂಡಲೇ ಓಗೊಡುತ್ತದೆ. ಕರ್ನಲ್‌ನ ಎಟಿ24 ಡ್ರೈವರ್ ಇದನ್ನೇ ಬಳಸಿಕೊಂಡು ಮತ್ತೆ ಮತ್ತೆ ಕೇಳುತ್ತದೆ, 25 ಮಿಲಿಸೆಕೆಂಡ್ ಆದರೂ ಉತ್ತರ ಬರದಿದ್ದರೆ ಕೈಬಿಡುತ್ತದೆ. ಬೇಗ ಮುಗಿಸಿದ ಚಿಪ್ಪಿಗೆ ಬೇಗ ಉತ್ತರ, ನಿಧಾನದ್ದಕ್ಕೂ ಅವಕಾಶ.

ಅಂಕಿ ಬರೆದಮೇಲೆ ಪಕ್ಕದಲ್ಲಿ ಒಂದು ಕಾಮೆಂಟ್ ಹಾಕಿ: ಯಾವ ಡೇಟಾಶೀಟ್, ಯಾವ ಕೋಷ್ಟಕ. ಮುಂದಿನ ವರ್ಷ ನಿಮ್ಮ ಜೂನಿಯರ್ ಅದನ್ನು ಬದಲಿಸಬೇಕಾದಾಗ ಹೆದರದೆ ಬದಲಿಸುತ್ತಾರೆ.

ರೆಡಿ ಬಿಟ್ ಬರುವ ತನಕ ವೈಲ್ ಲೂಪ್ ಹಾಕಿದ್ದೇನೆ. ತಪ್ಪಾ?

ಟೈಮ್‌ಔಟ್ ಇಲ್ಲದಿದ್ದರೆ ದೊಡ್ಡ ತಪ್ಪು. ವೈರ್ ಕಿತ್ತುಬಂದರೆ ಆ ಬಿಟ್ ಎಂದೂ ಬರುವುದಿಲ್ಲ. ಕರ್ನಲ್‌ನ ಸಾಮಾನ್ಯ ಸೆಟ್ಟಿಂಗಿನಲ್ಲಿ 20 ಸೆಕೆಂಡ್ ಒಂದು ಸಿಪಿಯು ಬಿಡದೆ ಹಿಡಿದಿದ್ದರೆ ಸಾಫ್ಟ್ ಲಾಕಪ್ ಎಂಬ ದೂರು ಬರುತ್ತದೆ.

ಟೈಮ್‌ಔಟ್ ಇದ್ದರೂ ಕೈಯಾರೆ ಬರೆದ ಲೂಪುಗಳಲ್ಲಿ ಒಂದು ಸೂಕ್ಷ್ಮ ತಪ್ಪು ಉಳಿಯುತ್ತದೆ. ಬಿಟ್ ಓದಿದಿರಿ, ಇನ್ನೂ ಬಂದಿಲ್ಲ. ಅಷ್ಟರಲ್ಲಿ ಶೆಡ್ಯೂಲರ್ ನಿಮ್ಮನ್ನು ಪಕ್ಕಕ್ಕೆ ಸರಿಸಿ ಬೇರೆಯವರನ್ನು ಓಡಿಸಿತು. ಮರಳಿ ಬಂದಾಗ ಸಮಯ ಮೀರಿದೆ. ಲೂಪ್ ಸೋತೆ ಎಂದು ಹೊರಬರುತ್ತದೆ. ಆದರೆ ಹಾರ್ಡ್‌ವೇರ್ ಯಾವಾಗಲೋ ಸಿದ್ಧವಾಗಿತ್ತು! ಸಮಯ ಮೀರಿದ ಮೇಲೂ ಕೊನೆಯದಾಗಿ ಒಮ್ಮೆ ಬಿಟ್ ಓದಲೇಬೇಕು. ರೀಡ್‌ಎಲ್ ಪೋಲ್ ಟೈಮ್‌ಔಟ್ ಎಂಬ ಮ್ಯಾಕ್ರೋ ಇದನ್ನು ತಾನೇ ಮಾಡುತ್ತದೆ. ನಿದ್ದೆ ಮಾಡಲಾಗದ ಜಾಗಕ್ಕೆ ಅದರದ್ದೇ ಅಟಾಮಿಕ್ ರೂಪವೂ ಇದೆ. ಅದನ್ನೇ ಬಳಸಿ, ಹೊಸ ಲೂಪ್ ಬರೆಯಬೇಡಿ.

ಚಿಪ್ಪಿನ ರಿಜಿಸ್ಟರಿಗೆ ಬರೆದು, ಯುಡಿಲೇ ಹಾಕಿ, ಮುಂದೆ ಹೋದೆ. ಆದರೂ ಚಿಪ್ಪಿಗೆ ಸಮಯ ಸಾಲಲಿಲ್ಲ. ಹೇಗೆ?

ನೀವು ಬರೆದದ್ದು ಚಿಪ್ಪನ್ನು ಇನ್ನೂ ಮುಟ್ಟಿರಲಿಕ್ಕಿಲ್ಲ. ಪಿಸಿಐ ಅಂಥ ಬಸ್‌ಗಳಲ್ಲಿ ರೈಟ್‌ಎಲ್ ಮಾಡಿದ ಬರಹ ದಾರಿಯಲ್ಲಿ ಬಫರ್ ಒಳಗೆ ಕೂತಿರಬಹುದು. ಸಿಪಿಯು ಮಾತ್ರ ಬರೆದಾಯಿತು ಎಂದುಕೊಂಡು ಮುಂದೆ ಹೋಗುತ್ತದೆ. ನೀವು ಎಣಿಸಿದ ಮೈಕ್ರೋಸೆಕೆಂಡುಗಳು ಬರಹ ದಾರಿಯಲ್ಲಿರುವಾಗಲೇ ಖರ್ಚಾಗಿಬಿಡುತ್ತವೆ.

ಪರಿಹಾರ ಸುಲಭ. ಬರೆದ ಮೇಲೆ ಅದೇ ಡಿವೈಸಿನಿಂದ ಒಮ್ಮೆ ರೀಡ್‌ಎಲ್ ಮಾಡಿ, ಆಮೇಲೆ ಯುಡಿಲೇ ಹಾಕಿ. ಓದು ಮುಗಿಯಬೇಕಾದರೆ ಹಿಂದಿನ ಬರಹ ತಲುಪಿರಲೇಬೇಕು. ರೀಡ್‌ಎಲ್ ಮುಗಿಯದೆ ಮುಂದಿನ ಯುಡಿಲೇ ಶುರುವಾಗುವುದಿಲ್ಲ ಎಂಬ ಭರವಸೆಯನ್ನೂ ಕರ್ನಲ್ ಕೊಡುತ್ತದೆ. ಯುಡಿಲೇ ಅಂಕಿಯನ್ನು 10ರಿಂದ 100ಕ್ಕೆ, 100ರಿಂದ 1000ಕ್ಕೆ ಏರಿಸುತ್ತಾ ಹೋಗುವವರ ತೊಂದರೆ ಎಷ್ಟೋ ಸಲ ಇದೇ ಆಗಿರುತ್ತದೆ.

ಸಂಪಿನ ನೀರು ನೋಡಲು ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದ್ದೇವೆ. ಎಕೋ ಬರುವ ತನಕ ಹೇಗೆ ಕಾಯುವುದು?

ಎಚ್‌ಸಿ-ಎಸ್‌ಆರ್04 ಅಲ್ವಾ? ಇದರಲ್ಲಿ ಎರಡು ಬಗೆಯ ಕಾಯುವಿಕೆ ಇದೆ. ಟ್ರಿಗರ್ ಪಿನ್ನನ್ನು 10 ಮೈಕ್ರೋಸೆಕೆಂಡ್ ಹೈ ಮಟ್ಟದಲ್ಲಿ ಹಿಡಿಯಬೇಕು. ಅದಕ್ಕೆ ಯುಡಿಲೇ ಸರಿ. ಅಷ್ಟು ಚಿಕ್ಕ ಹೊತ್ತಿಗೆ ಮಲಗಿ ಏಳುವುದೇ ಹೆಚ್ಚು ಖರ್ಚು.

ಎಕೋ ಕಥೆ ಬೇರೆ. ಪ್ರತಿ ಸೆಂಟಿಮೀಟರಿಗೆ ಸುಮಾರು 58 ಮೈಕ್ರೋಸೆಕೆಂಡ್. 4 ಮೀಟರ್ ದೂರವಾದರೆ 23 ಮಿಲಿಸೆಕೆಂಡ್. ಅಷ್ಟು ಹೊತ್ತು ಸಿಪಿಯು ಸುತ್ತಬಾರದು. ಎಕೋ ಪಿನ್ನಿಗೆ ಎರಡೂ ಅಂಚಿನ ಇಂಟರಪ್ಟ್ ಇಡಿ. ಏರುವ ಅಂಚಿನಲ್ಲಿ ಕೆಟೈಮ್ ಗೆಟ್ ಮಾಡಿ ಸಮಯ ಬರೆದುಕೊಳ್ಳಿ, ಇಳಿಯುವ ಅಂಚಿನಲ್ಲಿ ಇನ್ನೊಮ್ಮೆ ಬರೆದುಕೊಂಡು ಕಂಪ್ಲೀಟ್ (ಕಾಯುವವರಿಗೆ "ಮುಗಿಯಿತು" ಎಂಬ ಸುದ್ದಿ) ಕರೆಯಿರಿ. ಓದುವ ಫಂಕ್ಷನ್ ವೇಯ್ಟ್ ಫಾರ್ ಕಂಪ್ಲೀಷನ್ ಟೈಮ್‌ಔಟ್‌ನಲ್ಲಿ ಮಲಗಿರಲಿ. ಅಳತೆ ಇಂಟರಪ್ಟಿನಲ್ಲಿ ಆಗುವುದರಿಂದ ನೀವು ತಡವಾಗಿ ಎದ್ದರೂ ದೂರದ ಲೆಕ್ಕ ಕೆಡುವುದಿಲ್ಲ.

ಕ್ರಮ ತಪ್ಪಿಸಬೇಡಿ. ಮೊದಲು ರೀಇನಿಟ್ ಕಂಪ್ಲೀಷನ್ (ಹಳೆಯ ಸುದ್ದಿ ಅಳಿಸುವುದು), ಆಮೇಲೆ ಟ್ರಿಗರ್, ಆಮೇಲೆ ಕಾಯುವುದು. ಟ್ರಿಗರ್ ಆದ ಮೇಲೆ ರೀಇನಿಟ್ ಮಾಡಿದರೆ ಅಷ್ಟರೊಳಗೆ ಬಂದ ಸುದ್ದಿಯನ್ನು ನೀವೇ ಅಳಿಸಿದಂತೆ.

ಇನ್ನು ಮರಳಿ ಬರುವ ಬೆಲೆ. ವೇಯ್ಟ್ ಫಾರ್ ಕಂಪ್ಲೀಷನ್ ಟೈಮ್‌ಔಟ್ ಸಮಯ ಮೀರಿದರೆ ಸೊನ್ನೆ ಕೊಡುತ್ತದೆ, ಇಲ್ಲವಾದರೆ ಉಳಿದ ಜಿಫೀಸ್ ಕೊಡುತ್ತದೆ. ಉಳಿದ ಕಡೆಯ ಅಭ್ಯಾಸದಂತೆ "ಸೊನ್ನೆಗಿಂತ ಕಡಿಮೆ ಆದರೆ ದೋಷ" ಎಂದು ಬರೆದರೆ ಟೈಮ್‌ಔಟ್ ನಿಮ್ಮ ಕಣ್ಣಿಗೇ ಬೀಳುವುದಿಲ್ಲ. ವೇಯ್ಟ್ ಇವೆಂಟ್ ಟೈಮ್‌ಔಟ್ ಕೂಡ ಹೀಗೆಯೇ. ಇಂಟರಪ್ಟಿಬಲ್ ರೂಪ ಬಳಸಿದರೆ ಕಂಟ್ರೋಲ್ ಸಿ ಒತ್ತಿದಾಗ ಋಣ ಬೆಲೆಯೂ ಬರುತ್ತದೆ. ಮೂರನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಿ.

ನಮ್ಮ ಊರಿಗೆ ಸಂಬಂಧಪಟ್ಟ ಒಂದು ಮಾತು. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40 ಡಿಗ್ರಿಯಲ್ಲಿ ಸುಮಾರು 355. ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಸಿಂಟೆಕ್ಸ್ ಟ್ಯಾಂಕಿನೊಳಗೆ ಅಳೆಯುತ್ತಿದ್ದರೆ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಕೆಲವು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಅದಕ್ಕೆ ಡಿಲೇ ಫಂಕ್ಷನ್ ಬೈಯಬೇಡಿ. ಮತ್ತೆ, ಎಕೋ ಪಿನ್ 5 ವೋಲ್ಟ್ ಕೊಡುತ್ತದೆ. ರಾಸ್‌ಬೆರಿ ಪೈ ಪಿನ್ ತಡೆಯುವುದು 3.3 ಮಾತ್ರ. ವೋಲ್ಟೇಜ್ ಇಳಿಸಲು ಎರಡು ರೆಸಿಸ್ಟರ್ ಹಾಕಿ.

ಟಾಪ್ ಆಜ್ಞೆ ಕೊಟ್ಟು ನೋಡಿದರೆ ಸಿಪಿಯು ಖಾಲಿ, ಆದರೆ ಲೋಡ್ ಆವರೇಜ್ (ಸರಾಸರಿ ಎಷ್ಟು ಕೆಲಸ ಬಾಕಿ ಇದೆ ಎಂಬ ಅಂಕಿ) 1ಕ್ಕಿಂತ ಇಳಿಯುತ್ತಿಲ್ಲ. ನಮ್ಮ ಡ್ರೈವರ್ ಕಾರಣವಾ?

ಬಹುಶಃ ಹೌದು. ಕರ್ನಲ್ ಥ್ರೆಡ್ಡಿನಲ್ಲಿ ಎಂಸ್ಲೀಪ್ ಲೂಪ್ ಇದೆಯಾ ನೋಡಿ. ಎಂಸ್ಲೀಪ್ ಮಲಗುವುದು ಯಾರೂ ಎಬ್ಬಿಸಲಾಗದ ಡಿ ಸ್ಥಿತಿಯಲ್ಲಿ. ಲಿನಕ್ಸ್ ಆ ಸ್ಥಿತಿಯನ್ನೂ ಲೋಡ್‌ಗೆ ಸೇರಿಸುತ್ತದೆ. ಟಾಸ್ಕ್ ಐಡಲ್ ಸ್ಥಿತಿಯಲ್ಲಿ ಕಾದರೆ ಆ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಸಮನೆ 120 ಸೆಕೆಂಡ್ ಡಿ ಸ್ಥಿತಿಯಲ್ಲಿ ಇದ್ದರೆ, ಹಂಗ್ ಟಾಸ್ಕ್ ಪತ್ತೆ ಆನ್ ಇರುವ ಕರ್ನಲ್ ದೂರನ್ನೂ ಹಾಕುತ್ತದೆ.

ಪಂಪಿನ ಸ್ವಿಚ್ ಒಮ್ಮೆ ಒತ್ತಿದರೆ ಹತ್ತಾರು ಇಂಟರಪ್ಟ್ ಬರುತ್ತಿದೆ. ಹ್ಯಾಂಡ್ಲರಿನಲ್ಲಿ ಎಂಡಿಲೇ ಹಾಕಲಾ?

ಬೇಡವೇ ಬೇಡ. ಸ್ವಿಚ್ಚಿನ ಲೋಹ ಕುಣಿದು ನಿಲ್ಲಲು ಕೆಲವು ಮಿಲಿಸೆಕೆಂಡ್ ಬೇಕು. ಹ್ಯಾಂಡ್ಲರಿನಲ್ಲಿ ಮಾಡ್ ಡಿಲೇಡ್ ವರ್ಕ್ ("ಇಷ್ಟು ಹೊತ್ತಿನ ನಂತರ ಈ ಕೆಲಸ ಮಾಡು" ಎನ್ನುವುದು) ಕರೆದು ಹೊರಬನ್ನಿ. ಪ್ರತಿ ಕುಣಿತವೂ ಆ ಕೆಲಸವನ್ನು ಮುಂದಕ್ಕೆ ದೂಡುತ್ತದೆ. ಕುಣಿತ ನಿಂತ ಮೇಲೆ ವರ್ಕ್ ಒಮ್ಮೆ ಓಡಿ ಪಿನ್ ಓದುತ್ತದೆ. ಕರ್ನಲ್‌ನ ಜಿಪಿಐಒ ಕೀಸ್ ಡ್ರೈವರ್ 5 ಮಿಲಿಸೆಕೆಂಡನ್ನು ಸಾಮಾನ್ಯ ಬೆಲೆಯಾಗಿ ಇಟ್ಟುಕೊಂಡಿದೆ. ದೊಡ್ಡ ಸ್ಟಾರ್ಟರಿನ ಕಾಂಟ್ಯಾಕ್ಟಿಗೆ ಜಾಸ್ತಿ ಬೇಕಾಗಬಹುದು, ಆಸಿಲೋಸ್ಕೋಪಿನಲ್ಲಿ ನೋಡಿ ಇಡಿ.

ಕರ್ನಲ್‌ನಿಂದ ನಿಮ್ಮ ಡ್ರೈವರ್ ಮಾಡ್ಯೂಲ್ ತೆಗೆಯುವಾಗ ಮೊದಲು ಇಂಟರಪ್ಟ್ ಬಿಟ್ಟುಕೊಡಿ, ಆಮೇಲೆ ಕ್ಯಾನ್ಸಲ್ ಡಿಲೇಡ್ ವರ್ಕ್ ಸಿಂಕ್ ಕರೆಯಿರಿ. ಉಲ್ಟಾ ಮಾಡಿದರೆ ಮಧ್ಯದಲ್ಲಿ ಬಂದ ಇಂಟರಪ್ಟ್ ಮತ್ತೆ ಕೆಲಸ ಹಚ್ಚುತ್ತದೆ. ಆರ್‌ಎಂಮಾಡ್ (ಮಾಡ್ಯೂಲ್ ತೆಗೆಯುವ ಆಜ್ಞೆ) ಆದ ಸ್ವಲ್ಪ ಹೊತ್ತಿಗೆ ಕರ್ನಲ್ ಬೀಳುವುದು ಇದರಿಂದಲೇ.

ಜಿಫೀಸ್ ಹೋಲಿಸಲು ದೊಡ್ಡದು, ಚಿಕ್ಕದು ಚಿಹ್ನೆ ಸಾಲದೇ?

ಸಾಲದು. 32 ಬಿಟ್ ಯಂತ್ರದಲ್ಲಿ ಎಚ್‌ಜೆಡ್ 1000 ಇದ್ದರೆ ಜಿಫೀಸ್ 49.7 ದಿನಕ್ಕೆ ತುಂಬಿ ಸೊನ್ನೆಗೆ ಮರಳುತ್ತದೆ. ಟೈಮ್ ಆಫ್ಟರ್, ಟೈಮ್ ಬಿಫೋರ್ ಮ್ಯಾಕ್ರೋ ಬಳಸಿ. ಅಷ್ಟು ದಿನ ಯಾರು ಟೆಸ್ಟ್ ಮಾಡುತ್ತಾರೆ ಎಂದು ಕರ್ನಲ್ ಬರೆದವರಿಗೂ ಗೊತ್ತಿತ್ತು. ಅದಕ್ಕೇ ಬೂಟ್ ಆದ 5 ನಿಮಿಷಕ್ಕೇ ತಿರುಗುವ ಹಾಗೆ ಆರಂಭದ ಬೆಲೆ ಇಟ್ಟಿದ್ದಾರೆ. ತಪ್ಪು ಇದ್ದರೆ ಟೀ ಕುಡಿದು ಬರುವುದರೊಳಗೆ ಸಿಗುತ್ತದೆ.

ವರ್ಚುವಲ್‌ಬಾಕ್ಸ್‌ನಲ್ಲಿ ಅಳೆದ ಸಮಯ ಬೋರ್ಡಿನಲ್ಲಿ ಬರುತ್ತಿಲ್ಲ.

ಬರುವುದೂ ಇಲ್ಲ. ವರ್ಚುವಲ್ ಮಷೀನಿನ ಸಿಪಿಯುವನ್ನೇ ಲ್ಯಾಪ್‌ಟಾಪ್ ಯಾವಾಗ ಬೇಕಾದರೂ ಪಕ್ಕಕ್ಕಿಡಬಹುದು, ಯುಡಿಲೇ ನಡುವೆ ಕೂಡ. ಲಾಜಿಕ್ ಅಲ್ಲಿ ನೋಡಿ, ಸಮಯವನ್ನು ಬೋರ್ಡಿನ ಮೇಲೇ ಕೆಟೈಮ್ ಗೆಟ್‌ನಿಂದ ಅಳೆಯಿರಿ.

ಗೋದಾಮಿನ ತೇವಾಂಶಕ್ಕೆ ಡಿಎಚ್‌ಟಿ11 ಸೆನ್ಸರ್ ಇದೆ. ಪೈಥಾನ್‌ನಲ್ಲಿ ಆಗಾಗ ತಪ್ಪು ಓದುತ್ತದೆ. ಕರ್ನಲ್ ಡ್ರೈವರ್ ಬರೆಯಲೇಬೇಕಾ?

ಕರ್ನಲ್ ಒಳಗೆ ಹೋಗಲು ಇದು ನ್ಯಾಯವಾದ ಕಾರಣ. ಆ ಸೆನ್ಸರಿನಲ್ಲಿ ಗೆರೆ 26ರಿಂದ 28 ಮೈಕ್ರೋಸೆಕೆಂಡ್ ಹೈ ಮಟ್ಟದಲ್ಲಿದ್ದರೆ ಸೊನ್ನೆ, 70 ಇದ್ದರೆ ಒಂದು. ಯೂಸರ್ ಪ್ರೋಗ್ರಾಮಿನ ನಿದ್ದೆಗೆ ಲಿನಕ್ಸ್ ಸಾಮಾನ್ಯವಾಗಿ ಇಡುವ ಸಡಿಲವೇ 50 ಮೈಕ್ರೋಸೆಕೆಂಡ್. ನಿದ್ದೆಯೇ ಇಲ್ಲದೆ ಸುತ್ತಿದರೂ ಮಧ್ಯದಲ್ಲಿ ಶೆಡ್ಯೂಲರ್ ಎತ್ತಿಹಾಕಿದರೆ ಬಿಟ್ ಹೋಯಿತು.

ಆದರೆ ನೀವು ಬರೆಯಬೇಕಿಲ್ಲ. ಕರ್ನಲ್‌ನ ಐಐಒ (ಸೆನ್ಸರುಗಳ) ವಿಭಾಗದಲ್ಲಿ ಡಿಎಚ್‌ಟಿ11 ಡ್ರೈವರ್ ಆಗಲೇ ಇದೆ. ಅದನ್ನು ತೆರೆದು ಓದಿ, ಕಾಯುವ ಕಲೆಗೆ ಒಳ್ಳೆಯ ಪಾಠ. ಶುರುವಿನ ಸೂಚನೆಗೆ ಯುಸ್ಲೀಪ್ ರೇಂಜ್ 18000 ಮತ್ತು 20000. ಪ್ರತಿ ಅಂಚಿಗೂ ಇಂಟರಪ್ಟಿನಲ್ಲಿ ಸಮಯದ ಗುರುತು. ಮುಗಿಯುವುದಕ್ಕೆ ಕಂಪ್ಲೀಷನ್, ಗರಿಷ್ಠ ಒಂದು ಸೆಕೆಂಡ್. ಎರಡು ಸೆಕೆಂಡಿನೊಳಗೆ ಮತ್ತೆ ಕೇಳಿದರೆ ಹಳೆಯ ಬೆಲೆಯನ್ನೇ ಕೊಡುತ್ತದೆ.

ರಾಸ್‌ಬೆರಿ ಪೈ ಆದರೆ ಅದರ ಬೂಟ್ ಕಾನ್ಫಿಗ್ ಫೈಲಿನಲ್ಲಿ ಡಿಎಚ್‌ಟಿ11 ಓವರ್‌ಲೇ (ಈ ಹಾರ್ಡ್‌ವೇರ್ ಇದೆ ಎಂದು ಕರ್ನಲ್‌ಗೆ ಹೇಳುವ) ಸಾಲು ಸೇರಿಸಿ, ಪಿನ್ ನಂಬರ್ ಕೊಟ್ಟು ರೀಬೂಟ್ ಮಾಡಿ. ಸಿಸ್ ಫೋಲ್ಡರಿನ ಐಐಒ ಡಿವೈಸ್ ಜಾಗದಲ್ಲಿ ತಾಪಮಾನ, ತೇವಾಂಶ ಎರಡೂ ಫೈಲುಗಳಾಗಿ ಕಾಣುತ್ತವೆ. ಅಂಕಿ ಸಾವಿರ ಪಟ್ಟು ಇರುತ್ತದೆ, 31 ಡಿಗ್ರಿ ಇದ್ದರೆ 31000 ಎಂದು ಬರುತ್ತದೆ. ಪೈಥಾನ್‌ನಿಂದ ಆ ಫೈಲನ್ನೇ ಓದಿ. ಒಮ್ಮೊಮ್ಮೆ ದೋಷ ಬಂದರೆ ಎರಡು ಸೆಕೆಂಡ್ ಬಿಟ್ಟು ಮತ್ತೆ ಓದಿ.